ಮಲಗಿಬಿಡುವ ಉದ್ದ ಫೋಟೋ: ಕ್ಯಾಮೆರಾದಿಂದ ಇಳಿಸುವಾಗಲೇ ತಿರುಗಿಸಬೇಕೇ, ಬಿಡಬೇಕೇ?

ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು ತೆಗೆದ ಫೋಟೋ ಕ್ಯಾಮೆರಾದ ಪರದೆಯಲ್ಲಿ ನೆಟ್ಟಗೆ ನಿಂತಿರುತ್ತದೆ. ಲ್ಯಾಪ್‌ಟಾಪಿಗೆ ಇಳಿಸಿದ ಮೇಲೂ ನಿಂತೇ ಇರುತ್ತದೆ. ಅದೇ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಹಳೆಯ ಟಿವಿಗೆ ಚುಚ್ಚಿದರೆ ಮದುಮಗಳು ಬಲಕ್ಕೆ ತಲೆ ಹಾಕಿ ಮಲಗಿಬಿಟ್ಟಿರುತ್ತಾಳೆ. ಸರಿ ಎಂದು ಕಂಪ್ಯೂಟರಿಗೆ ಮರಳಿ ತಂದು, ಯಾವುದೋ ತಂತ್ರಾಂಶದಲ್ಲಿ ತಿರುಗಿಸಿ, ಸೇವ್ ಮಾಡಿ ತೋರಿಸಿದರೆ ಟಿವಿಯಲ್ಲಿ ಸರಿಯಾಗುತ್ತದೆ, ಆದರೆ ಮೊಬೈಲಿನಲ್ಲಿ ಮಲಗುತ್ತದೆ. ಈ ಹಗ್ಗಜಗ್ಗಾಟಕ್ಕೆ ಕಾರಣ ಕ್ಯಾಮೆರಾವೂ ಅಲ್ಲ, ಕೇಬಲ್ಲೂ ಅಲ್ಲ. ಫೋಟೋ ಯಾವ ಕಡೆ ನಿಲ್ಲಬೇಕು ಎನ್ನುವ ಮಾಹಿತಿ ಫೈಲಿನಲ್ಲಿ ಒಂದು ಕಡೆ ಇರುತ್ತದೆ, ಚಿತ್ರ ಇನ್ನೊಂದು ಕಡೆ ಇರುತ್ತದೆ. ಎರಡನ್ನೂ ಸೇರಿಸಿ ಓದುವ ಕೆಲಸವನ್ನು ಕೆಲವು ತಂತ್ರಾಂಶಗಳು ಮಾಡುತ್ತವೆ, ಕೆಲವು ಮಾಡುವುದಿಲ್ಲ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣಗಳನ್ನು ಆಮೇಲೆ ನೋಡೋಣ. ಕಾರ್ಡಿನಿಂದ ಇಳಿಸುವಾಗ ಫೈಲಿಗೆ ಕೈ ಹಚ್ಚಬೇಡಿ. ಇನ್ನೊಬ್ಬರಿಗೆ ಕೊಡುವ ಪ್ರತಿ ತೆಗೆಯುವಾಗ ಮಾತ್ರ, ಆ ಪ್ರತಿಯಲ್ಲಿ, ಚಿತ್ರವನ್ನು ನಿಜವಾಗಿ ತಿರುಗಿಸಿ. ಇದಕ್ಕೆ ಅಪವಾದಗಳಿವೆ, ಅವೂ ಮುಂದೆ ಬರುತ್ತವೆ.

ಫೈಲಿನೊಳಗೆ ಏನಿದೆ

ಕ್ಯಾಮೆರಾದ ಸೆನ್ಸರ್ ಒಳಗೆ ಅಡ್ಡಕ್ಕೆ ಕೂತಿರುತ್ತದೆ. ನೀವು ಕ್ಯಾಮೆರಾವನ್ನು ಹೇಗೇ ಹಿಡಿಯಿರಿ, ಅದು ಸಾಲುಗಳನ್ನು ಓದುವ ಕ್ರಮ ಬದಲಾಗುವುದಿಲ್ಲ. 24 ಮೆಗಾಪಿಕ್ಸೆಲ್‌ನ ಒಂದು ಕ್ಯಾಮೆರಾ 6000 × 4000 ಚಿತ್ರ ಬರೆಯುತ್ತದೆ ಎಂದುಕೊಳ್ಳಿ. ಉದ್ದಕ್ಕೆ ಹಿಡಿದು ತೆಗೆದದ್ದೂ ಕಾರ್ಡಿನಲ್ಲಿ 6000 ಅಗಲ, 4000 ಎತ್ತರವಾಗಿಯೇ ಕೂರುತ್ತದೆ. ಜೊತೆಗೆ ಕ್ಯಾಮೆರಾದೊಳಗಿನ ಗುರುತ್ವ ಸಂವೇದಕ, ಅಂದರೆ ಆಕ್ಸಿಲರೋಮೀಟರ್, ಕೆಳಗಿನ ದಿಕ್ಕು ಯಾವುದೆಂದು ಹೇಳುತ್ತದೆ. ಅದನ್ನು ಕ್ಯಾಮೆರಾ ಎಕ್ಸಿಫ್ ಎಂಬ ಮಾಹಿತಿ ಭಾಗದಲ್ಲಿ ಒಂದೇ ಒಂದು ಅಂಕಿಯಾಗಿ ಬರೆದಿಡುತ್ತದೆ. ಅದೇ ಓರಿಯಂಟೇಷನ್ ಟ್ಯಾಗ್. ಎಕ್ಸಿಫ್ ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮದವರು 1990ರ ದಶಕದಲ್ಲಿ ರೂಪಿಸಿದ ಮಾನಕ. ಈ ಟ್ಯಾಗ್ ಮಾತ್ರ ಅದಕ್ಕೂ ಹಳೆಯದು, 1992ರ ಟಿಫ್ 6.0 ಎಂಬ ಚಿತ್ರ ಫೈಲಿನ ಮಾನಕದಲ್ಲೇ 274ನೇ ಟ್ಯಾಗ್ ಆಗಿ ಇತ್ತು.

ಅಂಕಿಗಳು 1ರಿಂದ 8ರವರೆಗೆ. ಕನ್ನಡಿಬಿಂಬಕ್ಕೆ ಮೀಸಲಾದ ನಾಲ್ಕನ್ನು (2, 4, 5, 7) ಮರೆತುಬಿಡಿ, ಕ್ಯಾಮೆರಾಗಳು ಅವನ್ನು ಬರೆಯುವುದಿಲ್ಲ ಎಂದೇ ಹೇಳಬಹುದು. 1 ಎಂದರೆ ಇದ್ದ ಹಾಗೇ ತೋರಿಸು. 3 ಎಂದರೆ ತಲೆಕೆಳಗಾಗಿದೆ. 6 ಎಂದರೆ ಬಲಕ್ಕೆ 90 ಡಿಗ್ರಿ ತಿರುಗಿಸಿ ತೋರಿಸು, 8 ಎಂದರೆ ಎಡಕ್ಕೆ. ಬಲಗೈ ಮೇಲೆ ಬರುವಂತೆ ಕ್ಯಾಮೆರಾ ಹಿಡಿಯುವವರು ಹೆಚ್ಚು, ಅವರ ಉದ್ದ ಫೋಟೋಗಳಲ್ಲಿ 8 ಇರುತ್ತದೆ. ಬಲಗೈ ಕೆಳಗಿಟ್ಟು ಹಿಡಿಯುವವರಿಗೆ 6 ಬರುತ್ತದೆ. ನೆಟ್ಟಗೆ ಹಿಡಿದ ಐಫೋನಿನ ಫೋಟೋಗಳಲ್ಲೂ 6 ಇರುತ್ತದೆ.

ಪಾರ್ಸೆಲ್ ಡಬ್ಬದ ಮೇಲೆ ‘ಈ ಬದಿ ಮೇಲೆ’ ಎಂಬ ಬಾಣದ ಚೀಟಿ ಅಂಟಿಸಿದಂತೆ ಇದು. ಚೀಟಿ ಓದುವವನು ಡಬ್ಬವನ್ನು ನೆಟ್ಟಗಿಡುತ್ತಾನೆ, ಓದದವನು ಬಂದ ಹಾಗೇ ಎತ್ತಿಡುತ್ತಾನೆ. ದೊಡ್ಡ ತೊಂದರೆ ಮೂರನೆಯವನದು: ಡಬ್ಬವನ್ನು ತಿರುಗಿಸಿ ಇಡುತ್ತಾನೆ, ಆದರೆ ಹಳೆಯ ಚೀಟಿಯನ್ನು ಕೀಳುವುದಿಲ್ಲ. ಮುಂದೆ ಬಂದವನು ಆ ಚೀಟಿ ನೋಡಿ ಇನ್ನೊಮ್ಮೆ ತಿರುಗಿಸುತ್ತಾನೆ. ಮೊಬೈಲಿನಲ್ಲಿ ಮದುಮಗಳು ಮತ್ತೆ ಮಲಗಿದ್ದು ಇದರಿಂದ.

ಕಂಪ್ಯೂಟರಿಗೆ ಮೊದಲು ಕ್ಯಾಮೆರಾದ ಮೆನು

ಯಾವ ದಾರಿ ಹಿಡಿದರೂ ಟ್ಯಾಗ್ ಮಾತ್ರ ಬೇಕೇ ಬೇಕು. ಅದನ್ನು ಕ್ಯಾಮೆರಾ ತಾನಾಗಿ ಬರೆಯುವ ಅವಕಾಶ ಶಟರ್ ಒತ್ತಿದ ಕ್ಷಣದಲ್ಲಿ ಮಾತ್ರ. ಕ್ಯಾನನ್ ಕ್ಯಾಮೆರಾಗಳಲ್ಲಿ ‘ಆಟೋ ರೊಟೇಟ್’ ಎಂಬಲ್ಲಿ ಮೂರು ಆಯ್ಕೆಗಳಿರುತ್ತವೆ: ಕ್ಯಾಮೆರಾ ಮತ್ತು ಕಂಪ್ಯೂಟರ್ ಎರಡರ ಚಿಹ್ನೆ ಇರುವುದು, ಕಂಪ್ಯೂಟರಿನ ಚಿಹ್ನೆ ಮಾತ್ರ ಇರುವುದು, ಮತ್ತು ಆಫ್. ನಾನು ಹೇಳುವುದು ನಡುವಿನದ್ದು. ಮೊದಲನೆಯದರಲ್ಲಿ ಉದ್ದ ಫೋಟೋ ಕ್ಯಾಮೆರಾದ ಅಡ್ಡ ಪರದೆಯಲ್ಲಿ ನಿಂತು ಕಾಣುತ್ತದೆ ನಿಜ, ಆದರೆ ಎರಡೂ ಬದಿ ಕಪ್ಪು ಬಿಟ್ಟು ಅಂಚೆಚೀಟಿಯಷ್ಟಾಗುತ್ತದೆ. ಕಣ್ಣು ಫೋಕಸ್ ಆಗಿದೆಯೇ ಎಂದು ನೋಡಲು ಅದು ಸಾಲದು. ನಡುವಿನ ಆಯ್ಕೆಯಲ್ಲಿ ಟ್ಯಾಗ್ ಬರೆಯಲಾಗುತ್ತದೆ, ಕ್ಯಾಮೆರಾದಲ್ಲಿ ಚಿತ್ರ ಪರದೆ ತುಂಬ ಕಾಣುತ್ತದೆ, ನೋಡಬೇಕಾದರೆ ಕ್ಯಾಮೆರಾವನ್ನೇ ತಿರುಗಿಸಿ ಹಿಡಿಯುತ್ತೀರಿ. ನಿಕಾನ್ ಡಿಎಸ್‌ಎಲ್‌ಆರ್‌ಗಳಲ್ಲಿ ಇದೇ ಕೆಲಸ ಎರಡು ಮೆನುಗಳಿಗೆ ಹಂಚಿಹೋಗಿದೆ. ಸೆಟಪ್ ಮೆನುವಿನ ‘ಆಟೋ ಇಮೇಜ್ ರೊಟೇಷನ್’ ಆನ್ ಇರಲಿ, ಪ್ಲೇಬ್ಯಾಕ್ ಮೆನುವಿನ ‘ರೊಟೇಟ್ ಟಾಲ್’ ಆಫ್ ಇರಲಿ.

ಆಫ್ ಇಟ್ಟುಕೊಂಡು ‘ಆಮೇಲೆ ಕೈಯಲ್ಲೇ ತಿರುಗಿಸಿಕೊಳ್ಳುತ್ತೇನೆ’ ಎನ್ನುವವರೂ ಇದ್ದಾರೆ. ಇದೂ ಒಂದು ದಾರಿ ಎಂದು ಲೆಕ್ಕಕ್ಕೆ ಹಿಡಿಯಬಹುದಾದರೂ ನಾನು ಯಾರಿಗೂ ಹೇಳಲಾರೆ. ಮದುವೆಯ ಒಂದು ದಿನದಲ್ಲಿ ಸಾವಿರಾರು ಫೋಟೋ ಬೀಳುತ್ತವೆ, ಅದರಲ್ಲಿ ಉದ್ದದ್ದನ್ನು ಹೆಕ್ಕಿ ಎಡಕ್ಕೋ ಬಲಕ್ಕೋ ಎಂದು ನೋಡುತ್ತಾ ಕೂರುವುದು ಸಂಬಳವಿಲ್ಲದ ಚಾಕರಿ.

ಸಂವೇದಕ ಎಡವುವ ಜಾಗಗಳೂ ಇವೆ. ಲೆನ್ಸ್ ನೇರ ಕೆಳಕ್ಕೋ ನೇರ ಮೇಲಕ್ಕೋ ನೋಡುತ್ತಿದ್ದರೆ ಗುರುತ್ವ ಲೆನ್ಸಿನ ದಿಕ್ಕಿನಲ್ಲೇ ಎಳೆಯುತ್ತದೆ. ಉದ್ದವೋ ಅಡ್ಡವೋ ಎಂದು ತಿಳಿಯಲು ಕ್ಯಾಮೆರಾಗೆ ಏನೂ ಉಳಿದಿರುವುದಿಲ್ಲ. ಅಂಗಳದ ರಂಗೋಲಿ, ಬಾಳೆ ಎಲೆಯ ಊಟ, ಮೇಜಿನ ಮೇಲಿಟ್ಟ ತಾಳೆಗರಿ, ಬೇಲೂರಿನ ನವರಂಗದಲ್ಲಿ ಕುತ್ತಿಗೆ ಎತ್ತಿ ತೆಗೆದ ಭುವನೇಶ್ವರಿ (ಕೆತ್ತನೆಯ ಒಳಚಾವಣಿ), ಎಲ್ಲದರಲ್ಲೂ ಟ್ಯಾಗ್ ತಪ್ಪಾಗಿ ಬೀಳಬಹುದು. ಇಂಥವನ್ನು ತೆಗೆದ ದಿನ ಒಂದು ಸುತ್ತು ಕಣ್ಣಾಡಿಸಬೇಕು, ಬೇರೆ ಉಪಾಯವಿಲ್ಲ. ಒಂದೇ ಸಮ ಹೊಡೆಯುವ ಬರ್ಸ್ಟ್‌ನಲ್ಲೂ ಎಚ್ಚರ ಬೇಕು. ಮೊದಲ ಚೌಕಟ್ಟಿಗೆ ಬರೆದ ದಿಕ್ಕನ್ನೇ ಆ ಸರಣಿಯ ಎಲ್ಲ ಫೋಟೋಗಳಿಗೂ ಹಾಕುತ್ತೇವೆ ಎಂದು ನಿಕಾನ್ ತನ್ನ ಕೈಪಿಡಿಗಳಲ್ಲೇ ಹೇಳುತ್ತದೆ. ಯಕ್ಷಗಾನದಲ್ಲಿ ಧೀಂಗಿಣ ಶುರುವಾದಾಗ ಬಟನ್ ಒತ್ತಿ ಹಿಡಿದು, ನಡುವೆ ಕ್ಯಾಮೆರಾವನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿದರೆ ಆ ಸರಣಿಯ ಕೊನೆಯ ಚಿತ್ರಗಳು ಮಲಗಿಯೇ ಬರುತ್ತವೆ.

ಹಾಗೇ ಇಳಿಸಿ ಬಿಟ್ಟುಬಿಡುವುದು

ಕಾರ್ಡ್ ರೀಡರಿಗೆ ಕಾರ್ಡ್ ಹಾಕಿ, ಫೋಲ್ಡರ್ ಎಳೆದು ಹಾರ್ಡ್ ಡಿಸ್ಕಿಗೆ ಹಾಕುವುದು. ಟ್ಯಾಗ್ ಇದ್ದಲ್ಲೇ ಇರುತ್ತದೆ, ಚಿತ್ರವೂ ಇದ್ದಂತೆಯೇ ಇರುತ್ತದೆ. ಕಾರ್ಡಿನಲ್ಲಿದ್ದದ್ದಕ್ಕೂ ಡಿಸ್ಕಿನಲ್ಲಿರುವುದಕ್ಕೂ ಒಂದು ಬಿಟ್ ವ್ಯತ್ಯಾಸವೂ ಇಲ್ಲ.

ಈ ಕೊನೆಯ ಮಾತಿನ ಬೆಲೆಯನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ. ಫೈಲ್ ಬದಲಾಗದೇ ಇದ್ದರೆ ನಕಲು ಸರಿಯಾಗಿ ಬಂತೇ ಎಂದು ಚೆಕ್‌ಸಮ್ (ಫೈಲಿನ ಬಿಟ್‌ಗಳಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಹೋಲಿಸಿ ನೋಡಬಹುದು. ಕಾರ್ಡ್ ಅಳಿಸದೆ ಎರಡನೇ ಸಲ ಇಳಿಸಿದಾಗ, ಇದು ಆಗಲೇ ಇದೆ ಎಂದು ತಂತ್ರಾಂಶಕ್ಕೆ ಗೊತ್ತಾಗುತ್ತದೆ. ಎರಡು ಬ್ಯಾಕಪ್ ಡಿಸ್ಕುಗಳಲ್ಲಿ ಯಾವುದು ಕೆಟ್ಟಿದೆ ಎಂಬ ಪ್ರಶ್ನೆ ಎದ್ದಾಗ ಉತ್ತರ ಸಿಗುತ್ತದೆ. ಇಳಿಸುವಾಗಲೇ ತಿರುಗಿಸಿಬಿಟ್ಟರೆ ಆ ಫೈಲ್ ಕಾರ್ಡಿನಲ್ಲಿದ್ದ ಫೈಲ್ ಅಲ್ಲ, ಹೋಲಿಸಲು ಮೂಲವೇ ಇರುವುದಿಲ್ಲ.

ಹತ್ತು ವರ್ಷದ ಹಿಂದೆ ಈ ದಾರಿಯನ್ನು ಧೈರ್ಯವಾಗಿ ಹೇಳುವಂತಿರಲಿಲ್ಲ. ವಿಂಡೋಸ್ 7ರ ಫೋಟೋ ವ್ಯೂಯರ್ ಟ್ಯಾಗನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಅದಕ್ಕೆಂದೇ ಆ ಕಾಲದ ವಿಂಡೋಸಿನ ಇಂಪೋರ್ಟ್ ಕಿಟಕಿಯಲ್ಲಿ ‘ಇಳಿಸುವಾಗ ತಿರುಗಿಸು’ ಎಂಬ ಟಿಕ್ ಗುರುತು ಇತ್ತು. ವಿಂಡೋಸ್ 8ರಿಂದ ಪರಿಸ್ಥಿತಿ ಬದಲಾಯಿತು. ಮ್ಯಾಕಿನ ಪ್ರಿವ್ಯೂ ಟ್ಯಾಗ್ ನೋಡುತ್ತದೆ, ಗೂಗಲ್ ಫೋಟೋಸ್ ನೋಡುತ್ತದೆ, ಮೊಬೈಲಿನ ಗ್ಯಾಲರಿಗಳು ನೋಡುತ್ತವೆ. ಬ್ರೌಸರುಗಳು ಕೊನೆಗೆ ಬಂದವು. ಬಹಳ ಕಾಲ ಅವುಗಳ ನಡತೆ ವಿಚಿತ್ರವಾಗಿತ್ತು: ಫೋಟೋವನ್ನೇ ಬೇರೆ ಟ್ಯಾಬಿನಲ್ಲಿ ತೆರೆದರೆ ನಿಂತಿರುತ್ತಿತ್ತು, ಪುಟದೊಳಗೆ ಬಂದರೆ ಮಲಗುತ್ತಿತ್ತು. 2020ರಲ್ಲಿ ಕ್ರೋಮ್ 81, ಸಫಾರಿ 13.1, ಫೈರ್‌ಫಾಕ್ಸ್ 77 ಬಂದ ಮೇಲೆ ಪುಟದೊಳಗಿನ ಚಿತ್ರಕ್ಕೂ ಟ್ಯಾಗ್ ಪಾಲಿಸುವುದೇ ರೂಢಿಯಾಯಿತು.

ಹಾಗಾದರೆ ಟ್ಯಾಗನ್ನು ಗಮನಿಸದವರು ಈಗ ಯಾರು? ಹಳೆಯ ಟಿವಿ, ಯುಎಸ್‌ಬಿ ತೂತಿರುವ ಡಿವಿಡಿ ಪ್ಲೇಯರ್, ಅಗ್ಗದ ಡಿಜಿಟಲ್ ಫೋಟೋ ಫ್ರೇಮ್, ಅಪ್ಲೋಡ್ ಆದ ಚಿತ್ರವನ್ನು ಚಿಕ್ಕದು ಮಾಡುವಾಗ ಎಕ್ಸಿಫ್ ಕಿತ್ತೆಸೆಯುವ ಜಾಲತಾಣಗಳ ಹಿಂಬದಿ. ಈ ಕೊನೆಯದು ಹೆಚ್ಚು ಕಾಡುತ್ತದೆ. ಚಿತ್ರವನ್ನು ತಿರುಗಿಸದೆ ಟ್ಯಾಗ್ ಮಾತ್ರ ಕಿತ್ತರೆ ಚಿತ್ರ ಶಾಶ್ವತವಾಗಿ ಮಲಗಿದಂತೆ.

ಕಾರ್ಡ್ ರೀಡರ್ ಬದಲು ಕೇಬಲ್ ಹಾಕಿದರೂ ಫಲ ಅದೇ, ನಡುವೆ ಇಂಪೋರ್ಟ್ ತಂತ್ರಾಂಶವೊಂದು ತಲೆ ಹಾಕದಿದ್ದರೆ. ವೈಫೈ ಅಥವಾ ಬ್ಲೂಟೂತ್ ಮೂಲಕ ಮೊಬೈಲಿಗೆ ಇಳಿಸುವ ಆ್ಯಪುಗಳಲ್ಲಿ ದಿಕ್ಕಿಗಿಂತ ಗಾತ್ರದ ಕಡೆ ಗಮನ ಇರಲಿ. ನಿಕಾನಿನ ಸ್ನ್ಯಾಪ್‌ಬ್ರಿಡ್ಜ್ ತಾನಾಗಿ ಕಳಿಸುವುದು 2 ಮೆಗಾಪಿಕ್ಸೆಲ್‌ಗೆ ಇಳಿಸಿದ ಪ್ರತಿಯನ್ನು. ಅದನ್ನೇ ಮೂಲ ಎಂದುಕೊಂಡು ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.

ಇಳಿಸುವಾಗಲೇ ತಿರುಗಿಸುವುದು, ನಷ್ಟವಿಲ್ಲದೆ

‘ಜೆಪೆಗ್ ಅನ್ನು ತಿರುಗಿಸಿ ಸೇವ್ ಮಾಡಿದರೆ ಗುಣಮಟ್ಟ ಹೋಗುತ್ತದೆ’ ಎಂಬ ಮಾತು ಅರ್ಧ ಸತ್ಯ. ಕ್ಯಾಮೆರಾಗಳು ಸಾಮಾನ್ಯವಾಗಿ ಬರೆಯುವ ಜೆಪೆಗ್ (.jpg) ಫೈಲ್ ಚಿತ್ರವನ್ನು 8 × 8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆಯುತ್ತದೆ, ಪ್ರತಿ ಚೌಕವನ್ನು ಅಂಕಿಗಳ ಒಂದು ಕೋಷ್ಟಕವಾಗಿ ಮಾಡುತ್ತದೆ, ಆಮೇಲೆ ಆ ಅಂಕಿಗಳನ್ನು ಒರಟು ಮಾಡಿ ಜಾಗ ಉಳಿಸುತ್ತದೆ. ಗುಣಮಟ್ಟ ಹೋಗುವುದು ಈ ಒರಟು ಮಾಡುವ ಹಂತದಲ್ಲಿ. ಚೌಕಗಳನ್ನು ಬಿಚ್ಚದೆ, ಒಳಗಿನ ಅಂಕಿಗಳ ಸಾಲು-ಕಂಬಗಳನ್ನು ಅದಲುಬದಲು ಮಾಡಿ, ಕೆಲವು ಅಂಕಿಗಳ ಕೂಡು-ಕಳೆ ಚಿಹ್ನೆ ಬದಲಿಸಿ, ಚೌಕಗಳ ಸ್ಥಾನವನ್ನು ಪಲ್ಲಟಿಸಿದರೆ ಚಿತ್ರ 90 ಡಿಗ್ರಿ ತಿರುಗುತ್ತದೆ. ಒರಟು ಮಾಡುವ ಕೆಲಸ ಎರಡನೇ ಸಲ ನಡೆಯುವುದೇ ಇಲ್ಲ. ಇದೇ ನಷ್ಟವಿಲ್ಲದ ತಿರುಗಣೆ. ಫೈಲಿನ ಗಾತ್ರ ನಾಲ್ಕಾರು ಕಿಲೋಬೈಟ್ ಆಚೀಚೆ ಆಗಬಹುದು, ಗಾಬರಿ ಬೇಡ.

ಇದಕ್ಕೊಂದು ಷರತ್ತಿದೆ. ಬಣ್ಣದ ಮಾಹಿತಿಯನ್ನು ಅರ್ಧಕ್ಕೆ ಇಳಿಸಿಟ್ಟ ಜೆಪೆಗ್‌ಗಳಲ್ಲಿ ಚೌಕಗಳು ಗುಂಪಾಗಿ 16 × 8 ಅಥವಾ 16 × 16 ಆಗಿರುತ್ತವೆ. ಚಿತ್ರದ ಅಳತೆ ಆ ಗುಂಪಿನ ಅಳತೆಯಿಂದ ನಿಶ್ಶೇಷವಾಗಿ ಭಾಗವಾಗದಿದ್ದರೆ ಅಂಚಿನಲ್ಲಿ ಅರೆಬರೆ ಗುಂಪುಗಳು ಉಳಿಯುತ್ತವೆ. ಜೆಪೆಗ್ ಅಂಥವನ್ನು ಬಲ ಮತ್ತು ಕೆಳ ಅಂಚಿನಲ್ಲಿ ಮಾತ್ರ ಒಪ್ಪುತ್ತದೆ. ತಿರುಗಿಸಿದಾಗ ಅವು ಎಡಕ್ಕೋ ಮೇಲಕ್ಕೋ ಹೋಗಬೇಕಾಗುತ್ತದೆ, ಅಲ್ಲಿ ಅವಕ್ಕೆ ಜಾಗವಿಲ್ಲ. ಆಗ ತಂತ್ರಾಂಶ ಆ ಅಂಚನ್ನು ಕತ್ತರಿಸುತ್ತದೆ, ಇಲ್ಲವೇ ತಿರುಗದ ಒಂದು ಪಟ್ಟಿ ಅಂಚಿನಲ್ಲಿ ಉಳಿಯುತ್ತದೆ, ಇಲ್ಲವೇ ಆಗುವುದಿಲ್ಲ ಎನ್ನುತ್ತದೆ.

ಸಮಾಧಾನದ ವಿಷಯವೆಂದರೆ ಕ್ಯಾಮೆರಾದಿಂದ ನೇರ ಬಂದ ಪೂರ್ಣ ಚಿತ್ರಗಳಲ್ಲಿ ಈ ತೊಂದರೆ ಅಪರೂಪ. 6000 × 4000 ಎರಡೂ 16ರಿಂದ ಭಾಗವಾಗುತ್ತವೆ, 375 ಮತ್ತು 250. 5184 × 3456 ಕೂಡ, 324 ಮತ್ತು 216. ಮೊಬೈಲಿನಲ್ಲಿ ಸಾಮಾನ್ಯವಾದ 4032 × 3024 ಕೂಡ. ತೊಂದರೆ ಬರುವುದು ಕ್ರಾಪ್ ಮಾಡಿದ ಚಿತ್ರಗಳಲ್ಲಿ, ಅಥವಾ 1920 × 1080ರಂಥ ಅಳತೆಗಳಲ್ಲಿ. 1080ನ್ನು 16ರಿಂದ ಭಾಗಿಸಿದರೆ 67.5. ಆದ್ದರಿಂದ ನಷ್ಟವಿಲ್ಲದೆ ತಿರುಗಿಸುವುದಾದರೆ ಕ್ರಾಪ್ ಮಾಡುವ ಮುಂಚೆ ತಿರುಗಿಸಿ.

ಸಾಧನಗಳನ್ನು ಹೋಲಿಸೋಣ. ವಿಂಡೋಸಿನಲ್ಲಿ ಇರ್ಫಾನ್‌ವ್ಯೂ, ಫಾಸ್ಟ್‌ಸ್ಟೋನ್, ಎಕ್ಸ್‌ಎನ್‌ವ್ಯೂ ಮೂರೂ ಸ್ವಂತ ಬಳಕೆಗೆ ಉಚಿತ. ಮೂರರಲ್ಲೂ ‘ಎಕ್ಸಿಫ್ ನೋಡಿ ತಾನಾಗಿ ತಿರುಗಿಸು’ ಎಂಬರ್ಥದ ನಷ್ಟವಿಲ್ಲದ ಆಯ್ಕೆ ಇದೆ, ಇಡೀ ಫೋಲ್ಡರಿಗೆ ಒಂದೇ ಸಲ ಓಡಿಸಬಹುದು. ಇರ್ಫಾನ್‌ವ್ಯೂನಲ್ಲಿ ಅದಕ್ಕೆ ಪ್ಲಗಿನ್‌ಗಳನ್ನೂ ಹಾಕಿಕೊಂಡಿರಬೇಕು. ಹೊಸಬರಿಗೆ ನಾನು ಹೇಳುವುದು ಫಾಸ್ಟ್‌ಸ್ಟೋನ್, ಮೆನುವಿನಲ್ಲಿ ಹುಡುಕಾಟ ಕಡಿಮೆ. ಲಿನಕ್ಸಿನವರಿಗೆ ಎಕ್ಸಿಫ್‌ಟ್ರಾನ್ ಎಂಬ ಪುಟ್ಟ ಆದೇಶ ಸಾಕು. ಚಿತ್ರ ತಿರುಗಿಸುತ್ತದೆ, ಟ್ಯಾಗನ್ನು 1 ಮಾಡುತ್ತದೆ, ಒಳಗಿನ ಥಂಬ್‌ನೇಲನ್ನೂ (ಪುಟ್ಟ ನಮೂನೆ ಚಿತ್ರ) ತಿರುಗಿಸುತ್ತದೆ, ಕೇಳಿದರೆ ಫೈಲಿನ ತಾರೀಖನ್ನೂ ಹಾಗೇ ಉಳಿಸುತ್ತದೆ. ಜೆಹೆಡ್ ಕೂಡ ಇದೇ ಬಗೆಯದು, ಆದರೆ ಅದರ ತಿರುಗಿಸುವ ಕೆಲಸಕ್ಕೆ ಜೆಪೆಗ್‌ಟ್ರಾನ್ ಯಂತ್ರದಲ್ಲಿ ಇರಬೇಕು.

ಜೆಪೆಗ್‌ಟ್ರಾನನ್ನೇ ನೇರವಾಗಿ ಬಳಸುವವರು ಎರಡು ಸಂಗತಿ ನೋಡಿಕೊಳ್ಳಬೇಕು. ‘ಪರ್ಫೆಕ್ಟ್’ ಎಂಬ ಆಯ್ಕೆ ಕೊಡದಿದ್ದರೆ ಅಳತೆ ಹೊಂದದ ಚಿತ್ರವನ್ನೂ ಅದು ತಿರುಗಿಸಿಬಿಡುತ್ತದೆ, ಅಂಚಿನ ಪಟ್ಟಿ ವಿಕಾರವಾಗುತ್ತದೆ. ಇನ್ನು, ಎಲ್ಲ ಮಾಹಿತಿಯನ್ನೂ ನಕಲಿಸು ಎಂದರೆ ಹಳೆಯ ಓರಿಯಂಟೇಷನ್ ಟ್ಯಾಗನ್ನೂ ಹಾಗೇ ನಕಲಿಸುತ್ತದೆ. ಆಗ ನೀವೇ ಆ ಮೂರನೆಯ ಮನುಷ್ಯ: ತಿರುಗಿಸಿದ್ದೀರಿ, ಚೀಟಿ ಕಿತ್ತಿಲ್ಲ.

ಇಷ್ಟೆಲ್ಲ ಚೆನ್ನಾಗಿರುವಾಗ ಇಳಿಸುವಾಗಲೇ ಇದನ್ನು ಮಾಡಬೇಡಿ ಎನ್ನುವುದೇಕೆ? ಚಿತ್ರಕ್ಕೆ ನಷ್ಟವಾಗದಿದ್ದರೂ ಫೈಲ್ ಬದಲಾಗುತ್ತದೆ, ಚೆಕ್‌ಸಮ್ ಹೋಗುತ್ತದೆ. ಕ್ಯಾಮೆರಾ ಕಂಪನಿ ತನ್ನ ಗುಟ್ಟಿನ ಮಾಹಿತಿ ಇಡುವ ‘ಮೇಕರ್ ನೋಟ್’ ಭಾಗ ಕೆಲವು ತಂತ್ರಾಂಶಗಳ ಕೈಯಲ್ಲಿ ಹಾಳಾಗಬಹುದು. ಫೈಲಿನ ತಾರೀಖು ಇಂದಿನದಾಗಿ ಫೋಲ್ಡರಿನಲ್ಲಿ ಉದ್ದ ಫೋಟೋಗಳೆಲ್ಲ ಕೊನೆಗೆ ಹೋಗಿ ನಿಲ್ಲುತ್ತವೆ. ಸಂವೇದಕ ಎಡವಿದ ಆ ರಂಗೋಲಿ ಫೋಟೋಗಳನ್ನು ಇದು ಕಣ್ಣುಮುಚ್ಚಿ ತಪ್ಪಾಗಿಯೇ ತಿರುಗಿಸುತ್ತದೆ. ಒಂದೊಂದೂ ಸಣ್ಣದು, ಆದರೆ ಇಂದು ಮೂಲ ಫೈಲಿನಲ್ಲಿ ತಿರುಗಿಸಿ ಗಳಿಸುವುದೇನೂ ಇಲ್ಲದಿರುವಾಗ ಸಣ್ಣ ಬೆಲೆಯನ್ನಾದರೂ ಏಕೆ ತೆರಬೇಕು.

ಕಾರ್ಡಿನ ಮೇಲೇ ಈ ಕೆಲಸ ನಡೆಸುವುದಂತೂ ಬೇಡವೇ ಬೇಡ. ಕಂಪ್ಯೂಟರ್ ಮುಟ್ಟಿದ ಫೈಲನ್ನು ಎಷ್ಟೋ ಕ್ಯಾಮೆರಾಗಳು ಮತ್ತೆ ತೋರಿಸಲು ಒಪ್ಪುವುದಿಲ್ಲ. ಬರೆಯುತ್ತಿರುವಾಗ ಕರೆಂಟು ಹೋದರೆ ಇದ್ದ ಒಂದೇ ಪ್ರತಿಯೂ ಹೋಯಿತು.

ಎಡಿಟರಿನಲ್ಲಿ ತೆರೆದು ಸೇವ್ ಮಾಡುವುದು

ಫೋಟೋಶಾಪ್, ಗಿಂಪ್ ಮುಂತಾದವುಗಳಲ್ಲಿ ತೆರೆದು ಸೇವ್ ಮಾಡಿದರೆ ಜೆಪೆಗ್ ಪೂರ್ತಿ ಬಿಚ್ಚಿ ಮತ್ತೆ ಕಟ್ಟಲಾಗುತ್ತದೆ. ಒಂದು ಸಲ, ಒಳ್ಳೆಯ ಗುಣಮಟ್ಟದಲ್ಲಿ ಮಾಡಿದರೆ ಯಾವ ಮದುವೆ ಆಲ್ಬಮಿನಲ್ಲೂ ವ್ಯತ್ಯಾಸ ಕಾಣದು. ಹೇಗೂ ಬಣ್ಣ ತಿದ್ದಬೇಕು, ಕ್ರಾಪ್ ಮಾಡಬೇಕು, ಚಿಕ್ಕದು ಮಾಡಬೇಕು ಎಂದಿದ್ದರೆ ಇದೇ ಸರಿ, ನಷ್ಟವಿಲ್ಲದ ದಾರಿಗೆ ಅರ್ಥವೇ ಇಲ್ಲ. ಬರೀ ತಿರುಗಿಸಲೆಂದು ಮೂಲ ಫೈಲನ್ನೇ ಹೀಗೆ ಪದೇಪದೇ ತೆರೆದು ಮುಚ್ಚುವುದು ಮಾತ್ರ ತಪ್ಪು. ಇಮೇಜ್‌ಮ್ಯಾಜಿಕ್‌ನ ‘ಆಟೋ ಓರಿಯಂಟ್’ ಕೂಡ ಇದೇ ಗುಂಪಿನದು. ನೂರಾರು ಫೋಟೋಗಳನ್ನು ಒಟ್ಟಿಗೆ ಚಿಕ್ಕದು ಮಾಡಿ ಜಾಲತಾಣಕ್ಕೆ ಹಾಕಲು ಅದರಷ್ಟು ಚುರುಕಾದದ್ದು ಇಲ್ಲ, ಆದರೆ ಮೂಲ ಫೋಲ್ಡರಿನ ಮೇಲೆ ಓಡಿಸುವ ಸಾಧನವಲ್ಲ.

ಕ್ಯಾಟಲಾಗ್ ಇಟ್ಟುಕೊಂಡವರು

ಫೋಟೋಗಳ ಪಟ್ಟಿಯನ್ನು ತಮ್ಮದೇ ಕ್ಯಾಟಲಾಗಿನಲ್ಲಿ ಬರೆದಿಡುವ ಲೈಟ್‌ರೂಮ್, ಡಿಜಿಕ್ಯಾಮ್, ಶಾಟ್‌ವೆಲ್ ಬಳಸುವವರಿಗೆ ಈ ಲೇಖನದ ಅರ್ಧ ಬೇಕಾಗಿಲ್ಲ. ಲೈಟ್‌ರೂಮ್ ಟ್ಯಾಗ್ ಓದುತ್ತದೆ, ನೀವು ತಿರುಗಿಸಿದರೆ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ, ಎಕ್ಸ್‌ಪೋರ್ಟ್ ಮಾಡಿದ ಪ್ರತಿಯಲ್ಲಿ ಚಿತ್ರವನ್ನೇ ತಿರುಗಿಸಿ ಕೊಡುತ್ತದೆ. ನಾನು ಮೇಲೆ ಹೇಳಿದ ‘ಒಳಗೆ ಬರುವಾಗ ಮುಟ್ಟಬೇಡಿ, ಹೊರಗೆ ಹೋಗುವಾಗ ತಿರುಗಿಸಿ’ ಎನ್ನುವ ನೀತಿಯೇ ಅದು. ಡಿಜಿಕ್ಯಾಮ್ ಉಚಿತ, ಆಯ್ಕೆಗಳು ಹೇರಳ. ತಿರುಗಿಸುವಾಗ ಟ್ಯಾಗ್ ಮಾತ್ರ ಬದಲಿಸಬೇಕೇ, ಚಿತ್ರವನ್ನೂ ಬದಲಿಸಬೇಕೇ ಎಂದು ಅದರ ಸೆಟ್ಟಿಂಗ್ಸಿನಲ್ಲಿ ಹೇಳಬಹುದು. ಟ್ಯಾಗ್ ಮಾತ್ರ ಎಂದು ಇಟ್ಟುಕೊಳ್ಳಿ. ಲಿನಕ್ಸಿನ ಜಿಥಂಬ್‌ನ ಇಂಪೋರ್ಟ್ ಕಿಟಕಿಯಲ್ಲಿ ಚಿತ್ರವನ್ನೇ ತಿರುಗಿಸುವ ಟಿಕ್ ಇದೆ, ಮೊದಲ ಸಲ ಇಳಿಸುವ ಮುಂಚೆ ಅದು ಯಾವ ಸ್ಥಿತಿಯಲ್ಲಿದೆ ಎಂದು ನೋಡಿ.

ಕ್ಯಾಟಲಾಗಿನ ಒಂದೇ ಕುಂದು: ನೀವು ತಿದ್ದಿದ ದಿಕ್ಕು ಆ ತಂತ್ರಾಂಶದೊಳಗೇ ಉಳಿಯಬಹುದು. ಎಕ್ಸ್‌ಪ್ಲೋರರಿನಿಂದ ಫೈಲನ್ನು ನೇರ ಎಳೆದು ಗೆಳೆಯರಿಗೆ ಕಳಿಸಿದರೆ ಹಳೆಯ ದಿಕ್ಕಿನಲ್ಲೇ ಹೋಗುತ್ತದೆ. ಮೆಟಾಡೇಟಾವನ್ನು (ಎಕ್ಸಿಫ್‌ನಂಥ ಮಾಹಿತಿಯನ್ನು) ಫೈಲಿಗೆ ಬರೆ ಎಂಬ ಆದೇಶ ಕೊಟ್ಟರೆ ಟ್ಯಾಗ್ ಫೈಲಿಗೂ ಬರುತ್ತದೆ.

ರಾ ಮತ್ತು ಎಚ್‌ಇಐಸಿ

ರಾ, ಅಂದರೆ ಸೆನ್ಸರಿನ ಕಚ್ಚಾ ಮಾಹಿತಿಯ ಫೈಲ್, ತೆಗೆಯುವವರಿಗೆ ಆಯ್ಕೆಯೇ ಇಲ್ಲ. ಕ್ಯಾನನಿನ ಸಿಆರ್2, ನಿಕಾನಿನ ಎನ್‌ಇಎಫ್, ಸೋನಿಯ ಎಆರ್‌ಡಬ್ಲ್ಯು ಎಲ್ಲ ಟಿಫ್ ರಚನೆಯ ಮೇಲೆ ನಿಂತವು, ಟ್ಯಾಗ್ ಅಲ್ಲೂ ಇದೆ, ಆದರೆ ಸೆನ್ಸರಿನ ಕಚ್ಚಾ ಸಾಲುಗಳನ್ನು ಯಾರೂ ತಿರುಗಿಸಿ ಬರೆಯುವುದಿಲ್ಲ. ರಾ ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ತೆಗೆಯುವವರು ಜೆಪೆಗ್ ಮಾತ್ರ ತಿರುಗಿಸಿದರೆ ಜೋಡಿ ತಪ್ಪುತ್ತದೆ. ಬಿಟ್ಟುಬಿಡಿ.

2017ರ ಐಒಎಸ್ 11ರಿಂದ ಐಫೋನುಗಳು ಬರೆಯುವ ಎಚ್‌ಇಐಸಿ ಎಂಬ ಬಗೆಯ ಫೈಲಿನಲ್ಲಿ ದಿಕ್ಕು ಎರಡು ಕಡೆ ಇರುತ್ತದೆ: ಫೈಲಿನ ಸ್ವಂತ ರಚನೆಯಲ್ಲೊಂದು, ಎಕ್ಸಿಫ್‌ನಲ್ಲೊಂದು. ಮೊದಲನೆಯದೇ ಅಧಿಕೃತ. ಅಗ್ಗದ ಕನ್ವರ್ಟರ್ ಎರಡನ್ನೂ ಪಾಲಿಸಿದರೆ ಜೆಪೆಗ್ ಎರಡು ಸಲ ತಿರುಗಿ ಬರುತ್ತದೆ. ಐಫೋನಿನ ಫೋಟೋಸ್ ಸೆಟ್ಟಿಂಗ್ಸಿನಲ್ಲಿ ಕಂಪ್ಯೂಟರಿಗೆ ಕಳಿಸುವ ಬಗೆಯನ್ನು ‘ಆಟೋಮ್ಯಾಟಿಕ್’ ಎಂದಿಟ್ಟರೆ ಫೋನೇ ಜೆಪೆಗ್ ಮಾಡಿ ಕೊಡುತ್ತದೆ. ಸಿಕ್ಕ ಸಿಕ್ಕ ಕನ್ವರ್ಟರುಗಳಿಗಿಂತ ಅದು ವಾಸಿ.

ಯಾರಿಗೆ ಯಾವುದು

ಮನೆಯ ಫೋಟೋಗಳ ಮಟ್ಟಿಗೆ ಹಾಗೇ ಇಳಿಸಿ ಇಡಿ. ಅಜ್ಜಿಗೆ ಟಿವಿಯಲ್ಲಿ ತೋರಿಸಬೇಕೆಂದರೆ ಆರಿಸಿದ ಫೋಟೋಗಳನ್ನು ಬೇರೆ ಫೋಲ್ಡರಿಗೆ ನಕಲಿಸಿ, ಆ ನಕಲಿನ ಮೇಲೆ ಫಾಸ್ಟ್‌ಸ್ಟೋನಿನ ನಷ್ಟವಿಲ್ಲದ ತಿರುಗಣೆ ಓಡಿಸಿ ಪೆನ್‌ಡ್ರೈವಿಗೆ ಹಾಕಿ. ವಾಟ್ಸ್‌ಆ್ಯಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಹೇಗೂ ಕುಗ್ಗಿಸಿ ಹೊಸ ಫೈಲ್ ಮಾಡುತ್ತದೆ, ದಿಕ್ಕಿನ ಚಿಂತೆ ಇಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಫೈಲೇ ಟ್ಯಾಗಿನ ಸಮೇತ ಹೋಗುತ್ತದೆ.

ಮದುವೆ ಫೋಟೋಗ್ರಾಫರಿಗೆ ಕ್ಯಾಟಲಾಗ್ ಇಲ್ಲದೆ ಆಗದು. ಆಲ್ಬಮ್ ಡಿಸೈನರಿಗೆ ಕೊಡುವುದು ಎಕ್ಸ್‌ಪೋರ್ಟ್ ಆದ ಜೆಪೆಗ್ ಆಗಿರಲಿ. ‘ಫೋಟೋಶಾಪ್ ಟ್ಯಾಗ್ ನೋಡಿಕೊಳ್ಳುತ್ತದಲ್ಲ’ ಎಂದು ಕಾರ್ಡ್ ಡಂಪ್ (ಕಾರ್ಡಿನ ಫೈಲುಗಳನ್ನೆಲ್ಲ ಇದ್ದ ಹಾಗೇ) ಕೊಡುವ ರೂಢಿ ಇದೆ. ಫೋಟೋಶಾಪಿನಲ್ಲಿ ಸರಿಹೋಗುತ್ತದೆ ನಿಜ, ಆದರೆ ಆ ಡಿಸೈನರ್ ಫೋಟೋ ಆರಿಸಲು ಬೇರೆ ಯಾವುದೋ ಹಳೆಯ ವ್ಯೂಯರ್ ತೆರೆದು, ಮಲಗಿದ್ದನ್ನೆಲ್ಲ ತಿರುಗಿಸಿ ಸೇವ್ ಮಾಡುವುದು ನಿಮ್ಮ ಕೈಯಲ್ಲಿಲ್ಲ.

ಲಗ್ನಪತ್ರಿಕೆ, ಕರಪತ್ರ, ಶ್ರದ್ಧಾಂಜಲಿ ಫ್ಲೆಕ್ಸ್‌ಗೆ ಡಿಟಿಪಿ ಅಂಗಡಿಗೆ ಫೋಟೋ ಕೊಡುವಾಗ ಟ್ಯಾಗನ್ನು ನಂಬಲೇಬೇಡಿ. ನುಡಿ ಅಕ್ಷರ ಹಾಕಿ ಪೇಜ್‌ಮೇಕರಿನಲ್ಲೇ ಪುಟ ಕಟ್ಟುವ ಅಂಗಡಿಗಳು ನಮ್ಮಲ್ಲಿ ಇನ್ನೂ ಇವೆ, ಮತ್ತು ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಚಿತ್ರವೇ ತಿರುಗಿರುವ ಪ್ರತಿ ಕೊಟ್ಟರೆ ಯಾವ ಯಂತ್ರದಲ್ಲೂ ನಿಲ್ಲುತ್ತದೆ.

ಪತ್ರಿಕೆಗೆ ಊರಿನಿಂದ ಫೋಟೋ ಕಳಿಸುವ ವರದಿಗಾರರೂ ಅಷ್ಟೇ. ಡೆಸ್ಕಿನಲ್ಲಿ ರಾತ್ರಿ ಕೂತವರಿಗೆ ನಿಮ್ಮ ಫೋಟೋ ತಿರುಗಿಸುತ್ತಾ ಕೂರಲು ಪುರಸೊತ್ತಿರುವುದಿಲ್ಲ. ಇಮೇಲಿಗೆಂದು ಚಿಕ್ಕದು ಮಾಡುವಾಗಲೇ ಚಿತ್ರ ತಿರುಗಿ ಟ್ಯಾಗ್ 1 ಆಗಿರಲಿ. ಆನ್‌ಲೈನ್ ಅರ್ಜಿಗಳಿಗೆ ಹಾಕುವ ಫೋಟೋ ಮತ್ತು ಸಹಿಗೆ ಕಿಲೋಬೈಟ್ ಮಿತಿ ಇದ್ದೇ ಇರುತ್ತದೆ, ಹೇಗೂ ಕುಗ್ಗಿಸಬೇಕು, ಆಗ ಚಿತ್ರವನ್ನು ತಿರುಗಿಸಿ ಎಕ್ಸಿಫ್ ಪೂರ್ತಿ ತೆಗೆದುಬಿಡುವುದೇ ಕ್ಷೇಮ. ಕಡತದಲ್ಲಿ ನಿಮ್ಮ ಮುಖ ಅಡ್ಡಡ್ಡ ಕೂತರೆ ಮತ್ತೆ ತಿದ್ದಿಸಲು ಅಲೆಯುವವರು ನೀವೇ.

ಇನ್ನೂ ವಿಂಡೋಸ್ 7 ಓಡಿಸುವ ಸ್ಟುಡಿಯೋ ಅಥವಾ ಶಾಲೆಯ ಕಂಪ್ಯೂಟರ್ ಇದ್ದರೆ, ಅಪವಾದ ಇಲ್ಲಿದೆ. ಎಲ್ಲರೂ ಅದೇ ಯಂತ್ರದಲ್ಲಿ ಎಲ್ಲ ಫೋಟೋ ನೋಡುವುದಾದರೆ, ತೆಗೆಯುವುದು ಬರೀ ಜೆಪೆಗ್ ಆದರೆ, ಇಳಿಸಿದ ಕೂಡಲೇ ನಷ್ಟವಿಲ್ಲದೆ ತಿರುಗಿಸಿಬಿಡಿ. ಅಲ್ಲಿ ಹಾಗೇ ಬಿಟ್ಟರೆ ಪ್ರತಿಯೊಬ್ಬರೂ ತಮಗೆ ತೋಚಿದಂತೆ ತಿರುಗಿಸಿ ಸೇವ್ ಮಾಡುತ್ತಾರೆ, ಒಂದು ವರ್ಷದಲ್ಲಿ ಫೋಲ್ಡರ್ ಸಂತೆಯಾಗುತ್ತದೆ.

ಆಗಲೇ ಸಂತೆಯಾಗಿದ್ದರೆ

ತಿದ್ದುವ ಮುಂಚೆ ಇಡೀ ಫೋಲ್ಡರಿನ ಒಂದು ನಕಲು ಮಾಡಿ. ಎಕ್ಸಿಫ್‌ಟೂಲ್ ಎಂಬ ಉಚಿತ ಸಾಧನ ಪ್ರತಿ ಫೈಲಿನ ನಿಜವಾದ ಅಗಲ, ಎತ್ತರ ಮತ್ತು ಟ್ಯಾಗನ್ನು ಪಟ್ಟಿ ಮಾಡಿ ಕೊಡುತ್ತದೆ. ಕ್ಯಾಮೆರಾದ ಮೂಲ ಫೈಲ್ ಯಾವಾಗಲೂ ಅಡ್ಡವೇ ಇರುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಆ ಪಟ್ಟಿ ಓದಿ. ಅಗಲ 6000, ಎತ್ತರ 4000, ಟ್ಯಾಗ್ 6 ಅಥವಾ 8 ಇದ್ದರೆ ಅದು ಯಾರೂ ಮುಟ್ಟದ ಉದ್ದ ಫೋಟೋ, ಸರಿ ಇದೆ. ಅಗಲ 4000, ಎತ್ತರ 6000, ಟ್ಯಾಗ್ 1 ಇದ್ದರೆ ಯಾರೋ ಸರಿಯಾಗಿ ತಿರುಗಿಸಿದ್ದಾರೆ. ಅಗಲಕ್ಕಿಂತ ಎತ್ತರ ಹೆಚ್ಚಿದ್ದೂ ಟ್ಯಾಗ್ 6 ಅಥವಾ 8 ಇದ್ದರೆ ಎರಡು ಸಲ ತಿರುಗುವ ಫೈಲ್ ಅದೇ. ಅಂಥವನ್ನಷ್ಟೇ ಆರಿಸಿ ಟ್ಯಾಗನ್ನು 1 ಮಾಡು ಎಂದು ಎಕ್ಸಿಫ್‌ಟೂಲಿಗೆ ಷರತ್ತು ಕೊಡಬಹುದು. ಅದು ಮೂಲದ ಒಂದು ಪ್ರತಿಯನ್ನು ಪಕ್ಕದಲ್ಲಿ ಉಳಿಸಿಯೇ ಬರೆಯುತ್ತದೆ.

ನಾಲ್ಕನೆಯ ಬಗೆ ಕಷ್ಟದ್ದು: ಚಿತ್ರ ಅಡ್ಡವಿದೆ, ಟ್ಯಾಗ್ 1 ಇದೆ ಅಥವಾ ಇಲ್ಲವೇ ಇಲ್ಲ, ಆದರೆ ಕಣ್ಣಿಗೆ ಮನುಷ್ಯ ಮಲಗಿ ಕಾಣುತ್ತಾನೆ. ಟ್ಯಾಗ್ ಎಲ್ಲೋ ಅಳಿದಿದೆ. ಅದರ ಜೊತೆಯ ರಾ ಫೈಲ್ ಉಳಿದಿದ್ದರೆ ಅಲ್ಲಿನ ಟ್ಯಾಗನ್ನು ಎಕ್ಸಿಫ್‌ಟೂಲಿನಿಂದಲೇ ಜೆಪೆಗ್‌ಗೆ ನಕಲಿಸಬಹುದು. ರಾ ಇಲ್ಲದಿದ್ದರೆ ಫಾಸ್ಟ್‌ಸ್ಟೋನಿನಲ್ಲಿ ಥಂಬ್‌ನೇಲುಗಳ ಸಾಲು ತೆರೆದು, ಕಂಟ್ರೋಲ್ ಒತ್ತಿಕೊಂಡು ಎಡಕ್ಕೆ ತಲೆ ಹಾಕಿದವರನ್ನೆಲ್ಲ ಆರಿಸಿ ಒಂದೇ ಸಲ ಬಲಕ್ಕೆ ತಿರುಗಿಸಿ, ಬಲಕ್ಕೆ ತಲೆ ಹಾಕಿದವರನ್ನು ಎಡಕ್ಕೆ. ತಿರುಗಿಸಿದ ಮೇಲೂ ಥಂಬ್‌ನೇಲಿನಲ್ಲಿ ಮಲಗಿಯೇ ಕಂಡರೆ ಫೈಲನ್ನು ತೆರೆದು ನೋಡದೆ ಎರಡನೇ ಸಲ ತಿರುಗಿಸಲು ಹೋಗಬೇಡಿ. ಒಳಗಿನ ಹಳೆಯ ಥಂಬ್‌ನೇಲ್ ಬದಲಾಗದೆ ಉಳಿದಿರುವ ಸಾಧ್ಯತೆ ಹೆಚ್ಚು.